ಪರದೆಗೆ ಕೂರದ ಚಿತ್ರ

"ಕತ್ತರಿಸಿದೆ ಅಂದ್ರೆ ಕತ್ತರಿಸಿದೆ ಕಣೋ! ಎಡಗಡೆ ಅಷ್ಟನ್ನೂ ನುಂಗಿ ಹಾಕಿದೆ. ನಿನ್ನ ಕಣ್ಣನ್ನೇನು ಅಂಗಡೀಲಿ ಬಿಟ್ಟು ಬಂದಿದ್ದೀಯಾ?"

"ಭಾವ, ನಾಲ್ಕೂ ಮೂಲೆ ಬೆರಳಿಟ್ಟು ತೋರಿಸಿದೆ. ಇನ್ನೇನು, ಟಿ.ವಿ. ಒಳಗೆ ಇಳಿದು ತೋರಿಸ್ಲಾ?"

"ಇಳಿ. ಇಳಿದ್ರೆ ನೀನೂ ಅರ್ಧ ಕತ್ತರಿಸಿ ಹೋಗ್ತೀಯ. ಆವಾಗ ಗೊತ್ತಾಗುತ್ತೆ."

ಹೆಂಡತಿಯ ತಮ್ಮ ರಿಮೋಟನ್ನು ಮೇಜಿನ ಮೇಲೆ ಕುಕ್ಕಿದ. ಟಿ.ವಿ. ಅಂಗಡಿಯಲ್ಲಿ ಕೆಲಸಕ್ಕಿದ್ದವನು ಅವನು. ಮನೆಮನೆಗೆ ಹೋಗಿ ಗೋಡೆಗೆ ಟಿ.ವಿ. ತಗುಲಿಸಿ, ವೈರು ಎಳೆದು ಬರುವುದೇ ಅವನ ಕಸುಬು. ಭಾವನ ಕಂಪ್ಯೂಟರನ್ನು ಈ ದೊಡ್ಡ ಟಿ.ವಿ.ಗೆ ಜೋಡಿಸಿಕೊಟ್ಟವನೂ ಅವನೇ. ಜೋಡಿಸಿದ ಮೇಲೆ ಇದೇ ದೂರಿಗೆ ಎಷ್ಟು ಸಲ ಬಂದು ಹೋಗಿದ್ದನೋ ಅವನಿಗೇ ಲೆಕ್ಕವಿರಲಿಲ್ಲ.

"ಅಕ್ಕಾ, ನೀನಾದ್ರೂ ಬಂದು ನೋಡಿ ಹೇಳೇ."

ಕೆಲಸಕ್ಕೆ ಹೊರಟು ನಿಂತಿದ್ದ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು. "ಸರಿಯಾಗೇ ಇದೆ ರೀ. ಪೂರ್ತಿ ಕಾಣ್ತಿದೆ."

"ನೀನು ಅವನಕ್ಕ. ಇನ್ನೇನಂತೀಯ?"

"ಹಾಗಾದ್ರೆ ಡಾಕ್ಟರೂ ನನಗೆ ಅಕ್ಕ ಅಲ್ವಾ?" ಅಂದ ಭಾವಮೈದ. ಅವನ ತಾಳ್ಮೆ ಮುಗಿದಿತ್ತು. "ಅವರು ಹೇಳಿದ್ದೇನು? ಕೆಟ್ಟಿರೋದು ಟಿ.ವಿ. ಅಲ್ಲ ಭಾವ. ನಾನು ರಿಪೇರಿ ಮಾಡೋವಂಥದ್ದು ಇಲ್ಲಿ ಏನೂ ಇಲ್ಲ."

ಭಾವಮೈದ ಎದ್ದು ಹೊರಟುಹೋದ. ಅವನ ಮೋಟಾರ್ ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೂ ಭಾವ ಪರದೆಯನ್ನೇ ನೋಡುತ್ತ ಕೂತಿದ್ದ. ಡಾಕ್ಟರು ಅಂದದ್ದು ಅವನಿಗಲ್ಲ, ಅವನ ತಲೆಯ ಮೇಲಿನಿಂದ ಹೆಂಡತಿಗೆ. ಪಾರ್ಶ್ವವಾಯು ಬಡಿದು, ಎಡಗೈ ಎಡಗಾಲು ತಕ್ಕಮಟ್ಟಿಗೆ ಆಡತೊಡಗಿ, ಇನ್ನೇನು ಮನೆಗೆ ಕಳಿಸುತ್ತಾರೆ ಅನ್ನುವಾಗ ಅಂದದ್ದು. "ಕಣ್ಣಲ್ಲಿ ದೋಷ ಏನೂ ಇಲ್ಲಮ್ಮ. ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಮಿದುಳು ಮರೆತುಬಿಟ್ಟಿದೆ. ಮರೆತಿದ್ದೀನಿ ಅನ್ನೋದನ್ನೂ ಮರೆತಿದೆ. ಅದಕ್ಕೇ ಇವರಿಗೆ ಹೇಳಿದ್ರೂ ತಿಳಿಯಲ್ಲ." ಇವರಿಗೆ ತಿಳಿಯಲ್ಲ! ಇವರ ಎದುರಿಗೇ! ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಅಂದಿದ್ದರು, ಒಂದನೇ ಕ್ಲಾಸಿನ ಹುಡುಗನಿಗೆ ಕೊಟ್ಟ ಹಾಗೆ. ಅವನು ಬರೆದುಕೊಟ್ಟ. ಅಂಕಿಗಳನ್ನೆಲ್ಲ ಮುದ್ದಾಗಿ, ಒಂದರ ಕೆಳಗೊಂದು ಒತ್ತಾಗಿ ಕೂರಿಸಿ, ಒಂದೂ ಬಿಡದೆ ಬರೆದುಕೊಟ್ಟ. ಅದನ್ನು ನೋಡಿ ಹೆಂಡತಿ ಯಾಕೆ ಬಾಯಿಗೆ ಸೆರಗು ಒತ್ತಿಕೊಂಡಳೋ ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ. ಚೆನ್ನಾಗಿ ಬರೆದಿದ್ದಕ್ಕೂ ಅಳುವ ಹೆಂಗಸು ಇದ್ದರೆ ಅವಳೊಬ್ಬಳೇ ಅಂದುಕೊಂಡು ಸುಮ್ಮನಾಗಿದ್ದ.

ಎಡಗಡೆ ಗೊತ್ತಿಲ್ಲವಂತೆ! ಪ್ರೆಸ್ಸಿನಲ್ಲಿ ಅವನಿಗಿದ್ದ ಹೆಸರೇ ಮಾರ್ಜಿನ್ ಮೇಷ್ಟ್ರು. ಪುಸ್ತಕದ ಪುಟಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಕೆಲಸ ಅವನದು: ಅಕ್ಷರ ಎಲ್ಲಿ ಕೂರಬೇಕು, ಚಿತ್ರ ಎಲ್ಲಿ ಕೂರಬೇಕು, ಸುತ್ತ ಎಷ್ಟು ಬಿಳಿ ಬಿಡಬೇಕು. ಅಳತೆಪಟ್ಟಿ ಇಡದೆ, ಬಾಗಿಲಲ್ಲಿ ನಿಂತೇ, 'ಎಡಗಡೆ ಕೂದಲೆಳೆಯಷ್ಟು ಜಾಸ್ತಿ ಬಿಟ್ಟಿದ್ದೀಯ' ಅನ್ನುತ್ತಿದ್ದವನು. ಹೊಸದಾಗಿ ಸೇರಿದವರು ನಕ್ಕು, ಅಳೆದು ನೋಡಿ, ನಗು ನುಂಗಿಕೊಂಡು ವಾಪಸು ಕೂರುತ್ತಿದ್ದರು. ಆಗ ಅವನಿಗೆ ಎಂಥ ಖುಷಿಯಾಗುತ್ತಿತ್ತು! ಇನ್ನೊಬ್ಬನ ಮುಖ ಸಣ್ಣದಾಗುವುದನ್ನು ನೋಡುವ ಖುಷಿ. ಈಗ ಎಲ್ಲರೂ ಅವನ ಜೊತೆ ಮೆತ್ತಗೆ ಮಾತಾಡುತ್ತಾರೆ. ಮೆತ್ತಗೆ ಮಾತಾಡಿಸಿಕೊಳ್ಳುವುದಕ್ಕಿಂತ ಕಪಾಳಕ್ಕೆ ಹೊಡೆಸಿಕೊಳ್ಳುವುದು ಮೇಲು.

"ಊಟ ಮಾಡಿಬಿಡಿ, ನಾನು ಹೊರಡ್ಬೇಕು" ಅಂತ ಹೆಂಡತಿ ತಟ್ಟೆ ತಂದಿಟ್ಟಳು. ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಅವಳದು. ಅವನು ಕಾಯಿಲೆ ಬಿದ್ದ ಮೇಲೆ ಸೇರಿಕೊಂಡದ್ದು. ಅವನು ಗಬಗಬನೆ ತಿಂದು ಮುಗಿಸಿ, "ಇಷ್ಟೇನಾ?" ಅಂದ. ಅವಳು ಮಾತಾಡದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಎಲ್ಲಿತ್ತೋ ಏನೋ, ಇನ್ನರ್ಧ ಊಟ ಕಣ್ಣೆದುರಿಗೆ ಬಂತು. ಇದೂ ಅವಳ ಹೊಸ ಚಾಳಿ. ಮೊದಲು ಅರ್ಧ ಬಡಿಸುವುದು, ಕೇಳಿದರೆ ಕೈಚಳಕ ಮಾಡಿ ಇನ್ನರ್ಧ ಇಡುವುದು. ಕೇಳದೇ ಹೋದರೆ ಉಳಿಯಿತು ಅಂತ ತಾನೇ? ಕೂತು ತಿನ್ನುವವನಿಗೆ ಇಷ್ಟು ಸಾಕು ಅಂತ ತಾನೇ? ಬಾಯಿಗೆ ಬಂದ ಮಾತನ್ನು ತುತ್ತಿನ ಜೊತೆ ನುಂಗಿದ. ನುಂಗಿದ್ದು ಒಳ್ಳೆತನಕ್ಕಲ್ಲ. ಶಾಲೆಯ ಸಂಚಿಕೆಯ ಕೆಲಸ ಇವತ್ತು ಮುಗಿಸಬೇಕಿತ್ತು, ಜಗಳಕ್ಕೆ ಪುರಸೊತ್ತಿರಲಿಲ್ಲ.

ಆ ಸಂಚಿಕೆಯ ಮೇಲೆ ಅವನ ಪ್ರಾಣವೇ ನಿಂತಿತ್ತು. ಪ್ರೆಸ್ಸಿನ ಯಜಮಾನ ಇಷ್ಟು ದಿನ ಸಣ್ಣಪುಟ್ಟ ಕೆಲಸ ಕಳಿಸುತ್ತಿದ್ದ. ಒಂದು ಕರಪತ್ರ, ಒಂದು ಅಂಗಡಿಯ ಚೀಟಿ. ಎಲ್ಲ ಒಪ್ಪಿಗೆಯಾಗಿ ಅಚ್ಚಾಗಿತ್ತು. ಹೋದ ವಾರ ಫೋನು ಮಾಡಿ, "ಮೇಷ್ಟ್ರೇ, ಪರವಾಗಿಲ್ಲ ಕಣ್ರೀ ನೀವು! ಈ ಶಾಲೆಯ ವಾರ್ಷಿಕ ಸಂಚಿಕೆ ಒಂದು ಮಾಡಿಕೊಡಿ. ಇದು ಸರಿಯಾಗಿ ಬಂದ್ರೆ ಬಂದು ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ, ನಾನೇನೂ ಅನ್ನಲ್ಲ" ಅಂದಿದ್ದ. ಕುರ್ಚಿ! ಒಂದು ಕೈ ಮುರಿದು, ದಾರ ಸುತ್ತಿದ ಆ ಕುರ್ಚಿಯನ್ನು ಅವನು ದಿನವೂ ನೆನೆಯುತ್ತಿದ್ದ. ಆ ಕುರ್ಚಿಯಲ್ಲಿ ಕೂತರೆ ಅವನು ರೋಗಿಯಲ್ಲ. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಅವನಿಗೆ ಬೇಡವಾಗಿತ್ತು.

ಹೆಂಡತಿ ಕೊಡೆ ತೆಗೆದುಕೊಂಡು ಹೋದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂತ. ಚಿಕ್ಕ ಪರದೆಯಲ್ಲಿ ತಡಕಾಡುತ್ತಾನೆ, ದೊಡ್ಡದಾಗಿ ಕಂಡರೆ ಸುಲಭವಾದೀತು ಅಂತ ಟಿ.ವಿ.ಗೆ ಜೋಡಿಸುವ ಯೋಚನೆ ಮಾಡಿದವಳು ಅವಳೇ. ಜೋಡಿಸಿದ ಮೊದಲ ದಿನ ನೆನೆದರೆ ಈಗಲೂ ಎದೆ ಹಗುರಾಗುತ್ತಿತ್ತು. ಅವತ್ತು ಚಿತ್ರ ನಿಜವಾಗಿಯೂ ಕತ್ತರಿಸಿ ಹೋಗಿತ್ತು. ನಾಲ್ಕೂ ಕಡೆ ಪರದೆಯ ಆಚೆಗೆ ಚೆಲ್ಲಿತ್ತು. ಕೆಳಗಿನ ಪಟ್ಟಿ ಇಲ್ಲ, ಮೂಲೆಯ ಗಡಿಯಾರ ಇಲ್ಲ, ಅಕ್ಷರಗಳ ತಲೆ ಇಲ್ಲ. ಹೆಂಡತಿಯೂ ನೋಡಿದಳು, ಭಾವಮೈದನೂ ನೋಡಿದ, ಹಾಲು ಕೊಡಲು ಬಂದ ಪಕ್ಕದ ಮನೆಯಾಕೆಯೂ ಇಣುಕಿ, "ಅಯ್ಯೋ, ಅಂಚೆಲ್ಲ ಎಲ್ಲಿಗೆ ಹೋಯ್ತು?" ಅಂದಳು. ಅವನಿಗೆ ಕಂಡದ್ದೇ ಎಲ್ಲರಿಗೂ ಕಂಡಿತ್ತು. ಭಾವಮೈದ, "ಇದು ಟಿ.ವಿ.ಯ ಹಳೇ ಬುದ್ಧಿ ಭಾವ. ಚಾನೆಲ್ಲಿನ ಚಿತ್ರ ಅಂದ್ಕೊಂಡು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತೆ. ಇಲ್ಲಿ ಸೆಟ್ಟಿಂಗಿಗೆ ಹೋಗಿ, ಚಿತ್ರದ ಅಳತೆ 'ಇದ್ದ ಹಾಗೆ' ಅಂತ ಮಾಡಿದ್ರೆ ಆಯ್ತು" ಅಂತ ರಿಮೋಟು ಒತ್ತಿದ. ಒತ್ತಿದ್ದೇ ತಡ, "ಆಹಾ, ಕೂತ್ಕೊಂತು ನೋಡು!" ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಲೆ ಸರಿಯಾಯಿತು, ಕೆಳಗೆ ಸರಿಯಾಯಿತು, ಬಲಗಡೆ ಸರಿಯಾಯಿತು. ಎಡಗಡೆ ಮಾತ್ರ ಹಾಗೇ ಇತ್ತು. ಅವನು ಬಾಯಿ ತೆರೆದ. ಚಪ್ಪಾಳೆ ನಿಂತಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ಅವನಿಗೆ ಮರೆಯುವುದಿಲ್ಲ. ಅಲ್ಲಿಯವರೆಗೆ ಅವರ ಜೊತೆಗಿದ್ದವನನ್ನು ಒಂದೇ ನೋಟದಲ್ಲಿ ಎತ್ತಿ ಹೊರಗಿಟ್ಟಿದ್ದರು.

ಸರಿ, ಅವನೇ ಮಾಡುತ್ತಾನೆ. ರಿಮೋಟಿಗೆ ಬಗ್ಗದಿದ್ದರೆ ಕಂಪ್ಯೂಟರಿನ ಒಳಗಿಂದಲೇ ಚಿತ್ರವನ್ನು ಕುಗ್ಗಿಸುವ ಒಂದು ಗುಂಡಿ ಇದೆ, ಎಳೆದರೆ ಸಾಕು. ಅವನು ಸ್ವಲ್ಪ ಎಳೆದ. ಚಿತ್ರ ಕುಗ್ಗಿತು, ಮೇಲೆ, ಕೆಳಗೆ, ಬಲಕ್ಕೆ ಒಂದೊಂದು ಕಪ್ಪು ಪಟ್ಟಿ ಮೂಡಿತು. ಎಡಗಡೆ ಪಟ್ಟಿಯೂ ಇಲ್ಲ, ಚಿತ್ರದ ಅಂಚೂ ಇಲ್ಲ. ನೋಡಿದ್ರಾ? ಎಡಕ್ಕೆ ಜಾರಿ ಬಿದ್ದಿದೆ ಚಿತ್ರ. ಅದನ್ನು ಬಲಕ್ಕೆ ನೂಕಿದ. ಬಲಗಡೆಯ ಪಟ್ಟಿ ಮಾಯವಾಯಿತು, ಎಡಗಡೆ ಬರಲಿಲ್ಲ. ಇನ್ನೂ ಕುಗ್ಗಿಸಿದ. ಇನ್ನೂ ನೂಕಿದ. ಕಳ್ಳದನವನ್ನು ಬಾಲ ಹಿಡಿದು ಎಳೆದಂತೆ ಎಳೆದ, ಬರಲಿಲ್ಲ. ಬಾಗಿಲಷ್ಟು ಅಗಲವಿದ್ದ ಚಿತ್ರ ಕಿಟಕಿಯಷ್ಟಾಯಿತು, ಕಿಟಕಿಯಷ್ಟಿದ್ದದ್ದು ಪುಸ್ತಕದಷ್ಟಾಯಿತು. ಪುಸ್ತಕದಷ್ಟಾದಾಗ, ಪರದೆಯ ಬಲತುದಿಗೆ ಒತ್ತಿಕೊಂಡಾಗ, ಒಂದು ಕ್ಷಣ ಅವನಿಗೆ ಎಲ್ಲವೂ ಇದೆ ಅನ್ನಿಸಿತು. ಏನೂ ಬಿಟ್ಟುಹೋಗಿಲ್ಲ. ಅಕ್ಷರ ಇರುವೆಯಷ್ಟಾಗಿದ್ದರೇನು? ಅವನು ಮೂಗು ತಗುಲುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು, ಗೆದ್ದವನ ಹಾಗೆ ಉಸಿರು ಬಿಟ್ಟ.

ಸಂಚಿಕೆಯ ಪುಟ ತೆರೆದ. ತೆರೆದವನೇ ಬೆಚ್ಚಿದ. ಮಕ್ಕಳ ಗುಂಪಿನ ಫೋಟೋ ಇದ್ದ ಪುಟ ಅದು. ನಿನ್ನೆ ಅವನು ಫೋಟೋವನ್ನು ಹೇಗೆ ಕೂರಿಸಿದ್ದನೋ ಹಾಗಿರಲಿಲ್ಲ. ಬಲಗಡೆಯ ಬಿಳಿ ಹೆಚ್ಚಾಗಿತ್ತು. ಕೂದಲೆಳೆಯಷ್ಟಲ್ಲ, ಹೆಬ್ಬೆರಳಷ್ಟು. ಮಾರ್ಜಿನ್ ಮೇಷ್ಟ್ರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನು ಕೂರಿಸಿದ್ದನ್ನು ಯಾರೋ ಎಡಕ್ಕೆ ಎಳೆದಿದ್ದರು. ಫೋಟೋದ ಬಲಕ್ಕೆ ಮಕ್ಕಳ ಹೆಸರು ಒಂದರ ಕೆಳಗೊಂದು ಇದ್ದವು. ಆ ಪಟ್ಟಿಯಲ್ಲಿ ಹೆಚ್ಚುವರಿ ಹೆಸರುಗಳಿದ್ದದ್ದನ್ನು ನಿನ್ನೆ ಅವನೇ ಪತ್ತೆ ಹಚ್ಚಿದ್ದ. ಮುಖ ಕಡಿಮೆ, ಹೆಸರು ಜಾಸ್ತಿ. ಶಾಲೆಯವರ ಬೇಜವಾಬ್ದಾರಿ! ಮೂರು ಸಲ ಎಣಿಸಿ, ಮುಖವಿಲ್ಲದ ಹೆಸರುಗಳನ್ನು ಅಳಿಸಿ ಹಾಕಿ, ಇಂಥ ತಪ್ಪು ಹಿಡಿಯುವ ಕಣ್ಣು ಇನ್ಯಾರಿಗಿದೆ ಅಂತ ಬೀಗಿದ್ದ. ಆ ಹೆಸರುಗಳೆಲ್ಲ ಮತ್ತೆ ಬಂದು ಕೂತಿದ್ದವು. ಪುಟ ತಿರುಗಿಸಿದ. ಅಲ್ಲೂ ಹಾಗೇ. ಅದರಾಚೆಯ ಪುಟದಲ್ಲೂ ಹಾಗೇ. ಮನೆಯಲ್ಲಿ ಈ ಕಂಪ್ಯೂಟರು ಮುಟ್ಟಲು ಬರುವವಳು ಒಬ್ಬಳೇ. ಮದುವೆಯಾದ ಹೊಸದರಲ್ಲಿ ಅವಳು ಮೂಲಪ್ರತಿ ಓದಿ ಹೇಳುತ್ತಿದ್ದಳು, ಅವನು ಪರದೆಯ ಮೇಲೆ ತಾಳೆ ನೋಡುತ್ತಿದ್ದ. ಅವಳು ತಡವರಿಸಿದರೆ 'ಕತ್ತೆ' ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ನಗುನಗುತ್ತಲೇ ಕೆಲಸ ಕಲಿತಳು. ಕಲಿಸಿದವನು ಅವನೇ.

ಹಾಗಾದರೆ ಇದು! ಪರದೆಯಲ್ಲ, ವೈರಲ್ಲ. ಅವನ ಎಡಗಡೆಯನ್ನು ನುಂಗುತ್ತಿದ್ದವಳು ಮನೆಯೊಳಗೇ ಇದ್ದಳು. ಅವನು ರಾತ್ರಿ ಮಾತ್ರೆ ನುಂಗಿ ಮಲಗಿದಾಗ ಬಂದು ಕೂತು ಅವನು ಕಟ್ಟಿದ್ದನ್ನು ಬಿಚ್ಚುತ್ತಿದ್ದಳು. ಯಾಕೆ? ಅವನು ಎದ್ದು ನಿಂತರೆ ಅವಳಿಗೇನು ನಷ್ಟ? ಯೋಚಿಸಿದಷ್ಟೂ ತಲೆ ಕಾಯತೊಡಗಿತು. ಎದೆಯ ಮೂಲೆಯಲ್ಲಿ ಒಂದು ಸಣ್ಣ ದನಿ ಬೇರೇನೋ ಹೇಳುತ್ತಿತ್ತು. ಮುಖ ತೊಳೆಯುವಾಗ, ಅಂಗಿ ತೊಡಿಸುವಾಗ, ಬಾಗಿಲ ಕಂಬಕ್ಕೆ ಭುಜ ಬಡಿಯದಂತೆ ಅವಳು ತನ್ನ ಅಂಗೈ ಅಡ್ಡ ಇಡುವಾಗ ಕೇಳಿಸುತ್ತಿದ್ದ ದನಿ. ಅದರ ಕತ್ತು ಹಿಚುಕಿದ. ಒಂದೊಂದೇ ಪುಟ ತೆಗೆದು ಎಲ್ಲವನ್ನೂ ಬಲಕ್ಕೆ ವಾಪಸು ತಂದು, ಫೋಟೋದ ಚೌಕಟ್ಟನ್ನು ಮುಖಗಳಷ್ಟಕ್ಕೆ ಬಿಗಿದ. ಹೆಚ್ಚುವರಿ ಹೆಸರುಗಳನ್ನು ಮತ್ತೆ ಅಳಿಸಿದ. ಮುಗಿದ ಕೂಡಲೇ, ಇನ್ನೊಬ್ಬರ ಕೈಗೆ ಸಿಗದ ಹಾಗೆ, ಪ್ರೆಸ್ಸಿಗೆ ಕಳಿಸಿ ಯಜಮಾನನಿಗೆ ಫೋನು ಮಾಡಿದ.

"ಕಳಿಸಿದ್ದೀನಿ. ಪೂರ್ತಿ ಸಂಚಿಕೆ."

"ಹೌದಾ ಮೇಷ್ಟ್ರೇ? ಭಾಳ ಸಂತೋಷ." ಯಜಮಾನ ಕೆಮ್ಮಿದ. "ಮನೆಯವರು ಒಂದ್ಸಲ ನೋಡಿದಾರಲ್ವಾ?"

"ಅವಳ್ಯಾಕೆ ನೋಡ್ಬೇಕು?"

 ಆ ಕಡೆಯಿಂದ ಅಚ್ಚಿನ ಯಂತ್ರದ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ಅವನ ಕಾಲು ತಾನಾಗಿ ತಾಳ ಹಾಕಿತು.

"ಅಲ್ಲ, ಸುಮ್ಮನೆ ಕೇಳಿದೆ. ನೋಡ್ತೀನಿ ಬಿಡಿ" ಅಂದು ಯಜಮಾನ ಫೋನಿಟ್ಟ.

ಸಂಜೆಗೆ ಬರಬೇಕಾದವಳು ಬಿಸಿಲಿರುವಾಗಲೇ ಬಂದಳು. ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ನಿಂತವಳು ಟಿ.ವಿ. ನೋಡಿದಳು. ಗೋಡೆ ತುಂಬ ಕಪ್ಪು, ಬಲತುದಿಯಲ್ಲಿ ಅಂಗೈಯಗಲದ ಬೆಳಕು, ಅದಕ್ಕೆ ಮೂಗು ಒತ್ತಿ ಕೂತ ಗಂಡ. 

"ನೋಡಿದ್ಯಾ? ಸರಿ ಮಾಡ್ದೆ. ನಿನ್ನ ತಮ್ಮನ ಕೈಲಾಗದ್ದು" ಅಂದ ಅವನು.

"ಯಾಕ್ರೀ ಕಳಿಸಿದ್ರಿ? ನನಗೊಂದು ಮಾತು ಹೇಳ್ಬಾರ್ದಾಗಿತ್ತಾ?" ಅಂದಳು. "ಯಜಮಾನರು ಅಂಗಡಿಗೇ ಫೋನು ಮಾಡಿದ್ರು. ಎಡಗಡೆ ನಿಂತಿರೋ ಮಕ್ಕಳನ್ನೆಲ್ಲ ಕತ್ತರಿಸಿ ಹಾಕಿದ್ದೀರಂತೆ. ಅವರ ಹೆಸರೂ ಇಲ್ವಂತೆ."

"ಇಲ್ಲದ ಮಕ್ಕಳಿಗೆ ಹೆಸರು ಯಾಕೆ?"

"ಇದ್ದಾರೆ ರೀ! ಇದ್ದಾರೆ! ಅಲ್ಲೇ ನಿಂತಿದ್ದಾರೆ!"

"ನೀನು ತಂದು ನಿಲ್ಲಿಸಿದ್ದು ತಾನೇ? ನನಗೆಲ್ಲ ಗೊತ್ತಾಗಿದೆ. ನಾನು ಮಲಗಿದಾಗ ನನ್ನ ಪುಟ ಯಾರು ಎಳೆದಾಡ್ತಿದ್ರು ಅಂತ ಗೊತ್ತಾಗಿದೆ."

 ಅವಳು ತಗ್ಗಿದ ದನಿಯಲ್ಲಿ ಅಂದಳು, "ಹೌದು. ನಾನೇ. ಕರಪತ್ರದಿಂದ ಹಿಡಿದು ಎಲ್ಲ ನಾನೇ ಸರಿ ಮಾಡಿ ಕಳಿಸ್ತಿದ್ದೆ. ನೀವು ಮತ್ತೆ ಅಲ್ಲಿಗೆ ಹೋಗಿ ಕೂರ್ಲಿ ಅಂತ. ಕೂತ್ರೆ ನಿಮ್ಮ ಸಿಟ್ಟಾದ್ರೂ ಇಳಿಯುತ್ತೆ ಅಂತ."

"ಕೆಡಿಸಿ ಕಳಿಸ್ತಿದ್ದೆ ಅನ್ನು."

"ಯಜಮಾನರಿಗೆ ಮೊದಲೇ ಅನುಮಾನ ಇತ್ತಂತೆ. ಇವತ್ತು ಬಾಯಿಬಿಟ್ಟೇ ಕೇಳಿದ್ರು, ನಾನು ಒಪ್ಕೊಂಡೆ. ಮೇಡಂ, ನೀವೇ ಬನ್ನಿ, ಕೆಲಸ ಕೊಡ್ತೀನಿ, ಅವರನ್ನ ಇನ್ನು ನೋಯಿಸ್ಬೇಡಿ ಅಂದ್ರು." ಅದನ್ನು ಹೇಳಬಾರದಿತ್ತು ಅಂತ ಹೇಳಿದ ಮೇಲೆ ಅವಳಿಗೆ ಹೊಳೆಯಿತು.

 ಎಷ್ಟೋ ದಿನದಿಂದ ಅವನು ಹುಡುಕುತ್ತಿದ್ದ ತುಂಡು ಕೈಗೆ ಸಿಕ್ಕಿತ್ತು. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ಒಂದು ಕಡೆಯೂ ಸಂದು ಉಳಿಯಲಿಲ್ಲ. "ಹಾಗನ್ನು! ನನ್ನ ಕುರ್ಚಿ ಬೇಕಾಗಿತ್ತು ನಿನಗೆ. ಅದಕ್ಕೆ ಮಲಗಿದ್ದವನ ಮೈಮೇಲೆ ಹತ್ತಿ ಹೋಗಿದ್ದೀಯ. ತಟ್ಟೇಲಿ ಅರ್ಧ, ಪುಟದಲ್ಲಿ ಅರ್ಧ. ಅರ್ಧರ್ಧ ಕಿತ್ತುಕೊಂಡು ನನ್ನನ್ನ ಮುಗಿಸೋಕೆ ನೋಡಿದ್ದೀಯ. ನಾನು ಆಸ್ಪತ್ರೇಲೇ ಹೋಗಿಬಿಟ್ಟಿದ್ರೆ ನಿನಗೆ ಇಷ್ಟು ಕಷ್ಟ ಇರ್ತಿರ್ಲಿಲ್ಲ ಅಲ್ವಾ? ಅವತ್ತು ಅತ್ತಿದ್ದು ನಾನು ಬದುಕಿದೆ ಅಂತ ತಾನೇ?"

ಆಡುವಾಗಲೇ ಅವನಿಗೆ ಗೊತ್ತಿತ್ತು, ಈ ಮಾತನ್ನು ಇನ್ನು ಯಾವ ಗುಂಡಿ ಒತ್ತಿದರೂ ಹಿಂದಕ್ಕೆ ತರಲಾಗುವುದಿಲ್ಲ ಅಂತ. ಗೊತ್ತಿದ್ದೂ ಆಡಿ ಮುಗಿಸಿದ. ಅವಳು ಉತ್ತರ ಕೊಡಲಿ, ಕಿರುಚಲಿ, ತಾನು ಇನ್ನೂ ಜೋರಾಗಿ ಕಿರುಚಬಹುದು ಅಂತ ಕಾದ. ಅವಳು ಕಿರುಚಲಿಲ್ಲ. ಬಂದು ಅವನ ಮಗ್ಗುಲಿನ ಸ್ಟೂಲಿನ ಮೇಲೆ ಕೂತಳು. ಎಡ ಮಗ್ಗುಲಿಗೆ. ತೊಟ್ಟಿಲಿನಿಂದ ಜಾರಿದ ಮಗುವಿನ ಕೈಯಂತೆ ಕುರ್ಚಿಯಿಂದ ಇಳಿಬಿದ್ದಿದ್ದ ಅವನ ಎಡಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಒಂದೇ ಒಂದು ಮಾತು ಕೇಳ್ತೀನಿ. ನಾನೀಗ ಎಲ್ಲಿದ್ದೀನಿ ಹೇಳಿ."

ಅವನು ನೋಡಿದ. ಟಿ.ವಿ., ಕಪಾಟು, ಅಡುಗೆಮನೆಯ ಬಾಗಿಲು, ಬಾಗಿಲಿಗೆ ನೇತುಹಾಕಿದ ಒರೆಸುವ ಬಟ್ಟೆ. ದನಿ ಹತ್ತಿರದಿಂದಲೇ ಬಂದಿತ್ತು. ಅಡುಗೆಮನೆಯಿಂದ ಇರಬೇಕು. ಇನ್ನೆಲ್ಲಿಂದ ಬಂದೀತು?

"ಇನ್ನೆಲ್ಲಿರ್ತೀಯ? ಒಳಗೆ. ಮುಖ ತೋರಿಸೋಕೆ ನಾಚಿಕೆಯಾಗಿ ಒಳಗೆ ನಿಂತಿದ್ದೀಯ" ಅಂತ ಅಡುಗೆಮನೆಯ ಬಾಗಿಲಿಗೆ ಹೇಳಿದ.

 ಅವಳು ಆ ಕೈಯನ್ನು ಎತ್ತಿ, ಕುರ್ಚಿಯ ಮೇಲೆ, ಅವನ ಮಡಿಲ ಪಕ್ಕಕ್ಕೆ ಮೆಲ್ಲಗೆ ಇಟ್ಟಳು. ಇಟ್ಟದ್ದು ಅವನಿಗೆ ತಿಳಿಯಲಿಲ್ಲ.

ಅವನು ಮಾತಾಡುತ್ತಲೇ ಇದ್ದ. ಎಲ್ಲೋ ಕಪಾಟಿನ ಬಾಗಿಲು ಕಿರುಗುಟ್ಟಿತು, ಚೀಲದ ಜಿಪ್ಪು ಎಳೆದ ಸದ್ದಾಯಿತು. ಚಿಲಕ ತೆಗೆದ ಸದ್ದು ಕೇಳಿ, ಭಾವಮೈದ ತಪ್ಪೊಪ್ಪಿಕೊಳ್ಳಲು ಬಂದಿರಬೇಕು ಅಂದುಕೊಂಡ. ಬರಲಿ, ಇಬ್ಬರೂ ಕೇಳಿಸಿಕೊಳ್ಳಲಿ. "ಹೊಟ್ಟೆಕಿಚ್ಚು ನಿಮಗೆ, ಅಕ್ಕ ತಮ್ಮ ಇಬ್ರಿಗೂ. ನಾಳೆ ಯಜಮಾನ ಅಚ್ಚು ಹಾಕಿದ ಮೇಲೆ ನೋಡೋರಂತೆ..." ಗಾಳಿ ಬೀಸಿ ಒರೆಸುವ ಬಟ್ಟೆ ಒಂದು ಸಲ ಅಲ್ಲಾಡಿ ನಿಂತಿತು. ಬೈದು ಬೈದು ಗಂಟಲು ಆರಿತು. ಆರಿದ ಮೇಲೆ ಸಿಟ್ಟೂ ನಿಧಾನಕ್ಕೆ ಇಳಿಯಿತು, ಯಾವಾಗಲೂ ಇಳಿಯುವ ಹಾಗೆ. ಇಳಿದಾಗ ಉಳಿಯುವ ನಾಚಿಕೆಯೂ ಬಂತು. ತಾನು ಅಂದದ್ದು ಹೆಚ್ಚಾಯಿತು. ಆಸ್ಪತ್ರೆಯ ಮಾತು ಆಡಬಾರದಿತ್ತು. ಅದನ್ನು ನೇರವಾಗಿ ಹೇಳಲು ಅವನಿಗೆ ಬರುವುದಿಲ್ಲ, ಎಂದೂ ಬಂದಿಲ್ಲ.

ಅವನು ಮತ್ತೆ ಮೌಸು ಹಿಡಿದ. ಅಂಗೈಯಗಲದ ಚಿತ್ರವನ್ನು ನೋಡಿದ. ಎಡಗಡೆ ಮತ್ತೆ ಕತ್ತರಿಸಿ ಹೋಗಿತ್ತು.

"ಏ, ಕೇಳಿಸ್ತಾ? ಬಾ ಇಲ್ಲಿ" ಅಂದ, ಆದಷ್ಟು ಮೆತ್ತಗೆ. "ನೀನೇ ನೋಡಿ ಹೇಳು. ಇದಕ್ಕಿಂತ ಚಿಕ್ಕದು ಮಾಡ್ಲಾ?"

ಅಡುಗೆಮನೆಯ ಬಾಗಿಲು ನೋಡುತ್ತ ಕಾದ. ಕಿಟಕಿಯ ಬಿಸಿಲು ಗೋಡೆ ಹತ್ತಿ ಮಾಸಿತು. ಪಕ್ಕದ ಮನೆಯಾಕೆ ಯಾರನ್ನೋ ಊಟಕ್ಕೆ ಕೂಗಿದಳು. ಅವನು ಇನ್ನೊಂದು ಸಲ ಕರೆದ, ಸ್ವಲ್ಪ ಗದರಿಯೇ ಕರೆದ. ಅವಳು ಬರಲಿಲ್ಲ.